ಪೀಠವನ್ನು ತ್ಯಜಿಸಿದ ನ್ಯಾಯಾಧೀಶರು

ಮಕ್ಕಳಿಗೆ ಹೇಳತಕ್ಕ ಸತ್ಕಥೆಗಳೆಲ್ಲವೂ ಪುರಾಣದಲ್ಲಿಯೇ ದೊರೆಯಬೇಕೆಂದಿಲ್ಲ, ನೆರೆಯೂರಿನಲ್ಲಿಯೂ ದೊರೆಯುವುವು. ಈ ತಿಂಗಳು ಕಾರ್ಕಳ ತಾಲೂಕಿನ ಕೌಡೂರು ಸದಾನಂದ ಹೆಗ್ಡೆಯವರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿರಿಸುತ್ತೇವೆ.

1909ರಲ್ಲಿ ಜನಿಸಿದ ಹೆಗ್ಡೆಯವರು ವಕೀಲಿ ವೃತ್ತಿಯನ್ನು ಕೈಗೊಂಡು, 1952ರಲ್ಲಿ ರಾಜ್ಯಸಭೆಯ ಸದಸ್ಯರಾದರು. 1957ರಲ್ಲಿ ಆ ಸ್ಥಾನವನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಪ್ರಥಮ ಮುಖ್ಯ ನ್ಯಾಯಾಧೀಶರೂ, 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೂ ಆದರು. ಶಾಸನವನ್ನು ರಚಿಸಿದ ಕೈಗೆ ಶಾಸನವನ್ನು ತೂಗುವ ತಕ್ಕಡಿಯು ಬಂದಿತು.

ಆಗ ಬಂದುದು ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ವ್ಯಾಜ್ಯ. ಎಡನೀರು ಇರುವುದು ಕಾಸರಗೋಡಿನಲ್ಲಿ; 1956ರವರೆಗೆ ಅದೂ ಕಾರ್ಕಳವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಠದ ಭೂಮಿಯಿಂದ ಮೊದಲಾದ ವಾದವು, ಸಂವಿಧಾನವನ್ನು ಪಾರ್ಲಿಮೆಂಟು ಎಷ್ಟರ ಮಟ್ಟಿಗೆ ತಿದ್ದಬಹುದೆಂಬ ಮಹಾಪ್ರಶ್ನೆಯಾಗಿ ಬೆಳೆಯಿತು. 13 ಮಂದಿ ನ್ಯಾಯಾಧೀಶರು 68 ದಿನ ವಾದವನ್ನಾಲಿಸಿದರು. ತಿದ್ದಬಹುದು, ಆದರೆ ಮೂಲ ಸ್ವರೂಪವನ್ನು ಕೆಡಿಸಲಾಗದೆಂದು 1973ರ ಎಪ್ರಿಲ್ 24ರಂದು 7 ಮಂದಿ ತೀರ್ಮಾನಿಸಿದರು. ಹೆಗ್ಡೆಯವರು ಆ ಏಳ್ವರಲ್ಲೊಬ್ಬರು.

ಯಜಮಾನಿಕೆಯು ಹಿರಿತನದಿಂದ ಬರುವುದೆಂಬುದು ನಮ್ಮ ಕಡೆಯ ಕೂಡುಕುಟುಂಬಗಳಲ್ಲಿ ಮಕ್ಕಳೂ ಬಲ್ಲ ಸಂಗತಿ. ಸುಪ್ರೀಂ ಕೋರ್ಟಿನಲ್ಲಿಯೂ ಅದೇ ರೂಢಿಯಿತ್ತು. ಆದರೆ ತೀರ್ಪಿನ ಬೆನ್ನಿಗೇ ಸರಕಾರವು ಶೆಲಾತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ಬದಿಗೊತ್ತಿ, ಅವರಿಗಿಂತ ಕಿರಿಯರಾದ ಎ. ಎನ್. ರೇಯವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿತು. ಆ ಮೂವರೂ ಸರಕಾರಕ್ಕೆ ಒಪ್ಪಿಗೆಯಾಗದ ಬಹುಮತದಲ್ಲಿದ್ದವರು. ಮೂವರೂ ರಾಜೀನಾಮೆಯನ್ನಿತ್ತರು. ಹೆಗ್ಡೆಯವರಿಗೆ ಆಗ ಇನ್ನೂ ಒಂದು ವರ್ಷಕ್ಕೂ ಮಿಕ್ಕಿದ ಸೇವಾವಧಿಯಿತ್ತು.

ಪೀಠದಲ್ಲಿಯೇ ಉಳಿದು ನ್ಯಾಯವನ್ನು ಕಾಯಬಹುದಿತ್ತಲ್ಲವೇ ಎಂದು ವಾಚಕರು ಕೇಳಬಹುದು. ಆ ಮಾತಿನಲ್ಲಿಯೂ ತಿರುಳಿದೆ. ಆದರೆ ನಿರ್ಭಯವಾದ ತೀರ್ಪಿಗೆ ಅಪಮಾನವೇ ಫಲವೆಂದಾದಲ್ಲಿ, ಅದನ್ನು ಮೌನವಾಗಿ ನುಂಗುವುದು ಮುಂದಿನವರಿಗೆ ಭಯದ ಪಾಠವಾಗುತ್ತಿತ್ತೆಂದು ನಾವು ಭಾವಿಸುತ್ತೇವೆ.

ಹೆಗ್ಡೆಯವರು ಮನೆಯಲ್ಲಿ ಕುಳಿತುಬಿಡಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಲ್ಪಟ್ಟು, ಅದೇ ಜುಲೈಯಲ್ಲಿ ಅದರ ಸಭಾಪತಿಯಾದರು. 1980ರ ಜನವರಿಯವರೆಗೆ ಆ ಪೀಠದಲ್ಲಿದ್ದರು. 1979ರಲ್ಲಿ ಕಾರ್ಕಳದ ಬಳಿಯ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಗಳಿಗೆ ನಾಂದಿ ಹಾಡಿದರು. 1990ರಲ್ಲಿ ದಿವಂಗತರಾದರು.

ಪದವಿಯನ್ನೇರುವ ದಾರಿಯನ್ನು ನಾವೆಲ್ಲರೂ ಮಕ್ಕಳಿಗೆ ತೋರಿಸುತ್ತೇವೆ. ಅದನ್ನು ಬಿಟ್ಟು ಏಳಬೇಕಾದ ಗಳಿಗೆಯೂ ಒಂದುಂಟೆಂಬುದನ್ನು ಸಹ ತಿಳಿಸಿಕೊಡೋಣ.