ಒಲೆಯ ಬಾಯಿ ದೊಡ್ಡದಾಯ್ತು

ನಮ್ಮ ಹಳೇ ಅಡುಗೆಮನೆ ಕೆಡವಿಸಿ ಮೂರು ವರ್ಷವಾಯಿತು. ಗೋಡೆಯೆಲ್ಲ ಮಸಿ, ಕಣ್ಣೆಲ್ಲ ಹೊಗೆ ಅಂತ ಗೊಣಗಿ ಗ್ಯಾಸು, ಗ್ರಾನೈಟು ಎಲ್ಲ ಹಾಕಿಸಿದವಳು ನಾನೇ. ಅತ್ತೆ ಒಂದು ಮಾತೂ ಆಡಲಿಲ್ಲ. ಆದರೆ ಸಂಜೆ ಒಲೆ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದವರು ಆಮೇಲೆ ಅಡುಗೆಮನೆ ಕಡೆ ಬರುವುದನ್ನೇ ಬಿಟ್ಟರು. ರೂಮಿನಲ್ಲಿ ಶಾಲು ಹೊದ್ದು ಟೀವಿ ನೋಡುತ್ತಾರೆ. ನಮ್ಮ ಮಾದಾಪುರ ಕಡೆಯ ಚಳಿ ಗೊತ್ತಿದ್ದವರಿಗೆ ಇದು ಅರ್ಥವಾದೀತು.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಂದ ಬಂದ ಮಗ, ಹೊರಗಡೆ ಕಟ್ಟುವ ಅಗ್ಗಿಷ್ಟಿಕೆಯ ಕಿಟ್ ತರಿಸಿದ. ಹೋಂಸ್ಟೇಗೆ ಬರುವವರು ಮೊದಲು ಕೇಳುವುದೇ ಬೆಂಕಿ. ನನ್ನ ಲೆಕ್ಕವೂ ಅದೇ ಇತ್ತು, ಸುಳ್ಳು ಯಾಕೆ ಹೇಳಲಿ. ಪೆಟ್ಟಿಗೆಗಳಲ್ಲಿ ಫೈರ್ ಬ್ರಿಕ್, ಫೈರ್ ಕ್ಲೇ ಚೀಲ, ಎಂಟು ಇಂಚಿನ ಸ್ಟೀಲ್ ಕೊಳವೆ, ಅದರ ತಲೆಗೊಂದು ಟೋಪಿ, ಕಟ್ಟುವ ಕ್ರಮದ ಪುಸ್ತಕ.

ಮೊದಲ ಜಗಳ ಜಾಗದ್ದು. ಮನೆ ಹಿಂದಿನ ಬರೆ ಸ್ವಲ್ಪ ಕಡಿದು ಸಮ ಮಾಡಿದರೆ ನೋಟ ಚೆನ್ನಾಗಿರುತ್ತೆ ಎಂದ ಮಗ. "2018ರ ಆಗಸ್ಟ್ ಮರೆತೆಯಾ?" ಎಂದರು ಇವರು. ಅಲ್ಲಿಗೆ ಆ ಮಾತು ಮುಗಿಯಿತು. ಕಣದ ಹತ್ತಿರವೂ ಬೇಡ, ಒಣಗಲು ಹಾಕಿದ ಕಾಫಿಗೆ ಹೊಗೆ ವಾಸನೆ ಹಿಡಿದರೆ ಕೆಟ್ಟಿತು. ಕೊನೆಗೆ ಅಂಗಳದ ಮೂಲೆ ಸಿಕ್ಕಿತು.

ಕಾಫಿ ಕೊಯ್ಲಿನ ಸಮಯ, ಮೇಸ್ತ್ರಿ ಎಲ್ಲಿ ಸಿಗಬೇಕು? ಅಪ್ಪ ಮಗನೇ ಕಟ್ಟಿದರು. ಬೆಂಕಿ ತಾಗುವ ಕಡೆ ಮಾಮೂಲಿ ಸಿಮೆಂಟು ಕಾವಿಗೆ ನಿಲ್ಲುವುದಿಲ್ಲ, ಬಿರುಕು ಬಿಟ್ಟು ಉದುರುತ್ತದೆ. ಫೈರ್ ಕ್ಲೇಯನ್ನೇ ತೆಳ್ಳಗೆ ಹಚ್ಚಿ ಇಟ್ಟಿಗೆ ಕೂರಿಸಬೇಕು. ಅದನ್ನೆಲ್ಲ ಸರಿಯಾಗೇ ಮಾಡಿದರು. ಆದರೆ ಕೆಲವು ದಿನ ಸಣ್ಣ ಬೆಂಕಿ ಹಾಕಿ ನಿಧಾನಕ್ಕೆ ಒಣಗಿಸಿ ಎಂದು ಪುಸ್ತಕದಲ್ಲಿದ್ದ ಪುಟ ಯಾರೂ ಓದಲಿಲ್ಲ. ಮೊದಲ ಸಂಜೆಯೇ ಮಗ ಸಿಲ್ವರ್ ಓಕ್ ಸೌದೆ ಒಟ್ಟಿ ಉರಿ ಎಬ್ಬಿಸಿದ. ಎರಡು ಕಡೆ ಕೂದಲೆಳೆಯಷ್ಟು ಬಿರುಕು. ಮೇಲಾಗಿ ಹೊಗೆಯೆಲ್ಲ ಕೊಳವೆ ಬಿಟ್ಟು ನಮ್ಮ ಮುಖಕ್ಕೇ.

"ಹೊಸ ಒಲೆಗೆ ಮೊದಲ ದಿನವೇ ಇಷ್ಟು ಬೆಂಕಿ ಹಾಕ್ತಾರೇನೋ?" ಅಂತ ಕಿಟಕಿಯಿಂದ ಅತ್ತೆಯ ದನಿ. ಆಮೇಲೆ ಶಾಲು ಹೊದ್ದು ಅವರೇ ಬಂದರು. ಸ್ವಲ್ಪ ಹೊತ್ತು ನೋಡಿ, "ಬಾಯಿ ದೊಡ್ಡದಾಯ್ತು" ಎಂದರು. ಕೊಟ್ಟಿಗೆಯಿಂದ ತಗಡೊಂದನ್ನು ತರಿಸಿ, ಒಲೆಯ ಬಾಯಿಯ ಮೇಲ್ಭಾಗಕ್ಕೆ ಅಡ್ಡ ಹಿಡಿಯಲು ಹೇಳಿದರು. ಮಗ ತಗಡನ್ನು ಒಂದೊಂದೇ ಇಂಚು ಇಳಿಸುತ್ತ ಬಂದ. ಆರು ಇಂಚು ಇಳಿಯುವ ಹೊತ್ತಿಗೆ ಹೊಗೆ ತಿರುಗಿ ಕೊಳವೆಯೊಳಗೆ ಹೋಯಿತು!

ಆ ರಾತ್ರಿ ಮಗ ಲೆಕ್ಕ ಹಾಕಿದ. ಕೊಳವೆಯ ಬಾಯಿ ಒಲೆಯ ಬಾಯಿಯ ಸುಮಾರು ಹತ್ತರಲ್ಲಿ ಒಂದು ಪಾಲಾದರೂ ಇರಬೇಕಂತೆ. ನಮ್ಮ ಒಲೆಬಾಯಿ 30 ಇಂಚು ಅಗಲ, 24 ಇಂಚು ಎತ್ತರ, ಅಂದರೆ 720 ಚದರ ಇಂಚು. ಎಂಟು ಇಂಚಿನ ಕೊಳವೆಯದು 50 ಮಾತ್ರ. ಮರುದಿನ ಮೂರು ಇಂಚು ದಪ್ಪದ ಇಟ್ಟಿಗೆಯನ್ನು ಎರಡು ವರಸೆ ಹಾಸಿ ಒಲೆಯ ನೆಲ ಎತ್ತರಿಸಿದರು. ಬಾಯಿ 540ಕ್ಕೆ ಇಳಿಯಿತು. ಲೆಕ್ಕಕ್ಕೆ ಇನ್ನೂ ಚೂರು ಕಮ್ಮಿಯೇ, ಆದರೆ ಹೊಗೆಗೆ ಅಷ್ಟು ಸಾಕಾಯಿತು. ಬಿರುಕಿಗೆ ಫೈರ್ ಕ್ಲೇ ತುಂಬಿ, ಒಂದು ವಾರ ಬರೀ ಪುಳ್ಳೆ ಬೆಂಕಿ. ಹಾಕಿದವರು ಅತ್ತೆ, ಬೇರೆಯವರನ್ನು ಹತ್ತಿರ ಬಿಡಲಿಲ್ಲ.

ಸೌದೆಯೂ ಈಗ ಅವರದೇ ಆಯ್ಕೆ. ಹಚ್ಚಲು ಸಿಲ್ವರ್ ಓಕ್, ಕೂರಲು ಹಳೇ ಕಾಫಿ ಗಿಡದ ಬೊಡ್ಡೆ, ಅದರ ಕೆಂಡ ತುಂಬಾ ಹೊತ್ತು ನಿಲ್ಲುತ್ತೆ. ಕಳೆದ ಶನಿವಾರ ಬಂದ ಗೆಸ್ಟುಗಳು ಆರು ಗಂಟೆಗೇ ಬೆಂಕಿ ಕೇಳಿದರು. ಏಳರ ಮೇಲೆ ಬನ್ನಿ ಎಂದೆ. ಅದಕ್ಕೆ ಮುಂಚಿನ ಹೊತ್ತು ಅತ್ತೆಯದು.

ನಿನ್ನೆ ಕೆಂಡ ಕೆದಕುತ್ತಾ, "ನಮ್ಮ ಕಬ್ಬಿಣದ ಮುಕ್ಕಾಲಿ ಎಲ್ಲಿಟ್ಟಿದ್ದೀಯ? ಒಂದು ಪಾತ್ರೆ ಇಡೋಣ ಅಂತ" ಎಂದರು. ಮೂರು ವರ್ಷದ ಹಿಂದೆಯೇ ಅದನ್ನು ಗುಜರಿಗೆ ಕೊಟ್ಟಿದ್ದೆ. ಹುಡುಕ್ತೀನಿ ಅತ್ತೆ ಎಂದೆ. ಈ ವಾರದ ಸಂತೆಯಲ್ಲಿ ಅಂಥದ್ದೇ ಒಂದು ಸಿಗುತ್ತೋ ನೋಡಬೇಕು.