ಮಣಿಕಟ್ಟಿನ ಅಂಕೆಯೂ ಎದೆಯ ಮಾತೂ

ಇತ್ತೀಚೆಗೆ ಒಂದು ಮುಂಜಾನೆ ಚಿಕ್ಕೋಡಿಯ ಮೈದಾನದಲ್ಲಿ ನಡೆಯುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎದುರಾದನು. ನಮಸ್ಕಾರವಾಯಿತು. ಕುಶಲ ವಿಚಾರಿಸುವಷ್ಟರಲ್ಲಿ ಅವನು ತನ್ನ ಮಣಿಕಟ್ಟನ್ನು ನೋಡಿಕೊಂಡು, "ಸರ್, ನಿಂತ್ರ ಬಡಿತ ಇಳೀತದ್ರಿ, ಆಮೇಲೆ ಭೆಟ್ಟಿ ಆಗ್ತೀನ್ರಿ" ಎಂದವನೇ ಓಡಿಹೋದನು. ನನಗೆ ನಗು ಬಂದಿತು. ಆದರೆ ನಗುವ ಅಧಿಕಾರ ನನಗಿದೆಯೆ ಎಂದು ಮರುಕ್ಷಣವೇ ಶಂಕೆಯೂ ಆಯಿತು. ಅಂಥದೇ ಯಂತ್ರದ ಮಾತು ಕೇಳಿ ನಾನೂ ಒಮ್ಮೆ ಪೇಚಿಗೆ ಸಿಕ್ಕವನು.

ವ್ಯಾಯಾಮ ಮಾಡುವವರ ಹೃದಯಬಡಿತವನ್ನು ಎಣಿಸಿ ತೋರಿಸುವ ಈ ಸಾಧನವನ್ನು ನಾನು ನಾಡಿಗಡಿಯಾರವೆಂದು ಕರೆಯುತ್ತೇನೆ. ಕಲ್ಪನೆ ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿ, ರೋಗಿಗಳ ನಾಡಿಯನ್ನು ಅದರಿಂದ ಎಣಿಸಿ, 1707ರಲ್ಲಿ ಆ ಕುರಿತು ಗ್ರಂಥವನ್ನೇ ಬರೆದನು. ನಮ್ಮ ಶಾರ್ಙ್ಗಧರ ಸಂಹಿತೆ ಇನ್ನೊಂದು ದಾರಿ ಹಿಡಿದಿತ್ತು. ವಾತದ ನಾಡಿ ಜಿಗಣೆ ಹಾವುಗಳಂತೆ, ಪಿತ್ತದ್ದು ಕಾಗೆ ಕಪ್ಪೆಗಳಂತೆ, ಕಫದ್ದು ಹಂಸ ಪಾರಿವಾಳಗಳಂತೆ ನಡೆಯುತ್ತದೆಂದು ಅದು ಹೇಳುತ್ತದೆ. ಒಬ್ಬರು ಸಂಖ್ಯೆಯನ್ನು ಕೇಳಿದರು, ಇನ್ನೊಬ್ಬರು ನಡೆಯನ್ನು ನೋಡಿದರು. 1982ರಲ್ಲಿ ಫಿನ್ಲೆಂಡಿನ ಪೋಲಾರ್ ಸಂಸ್ಥೆ ತಂತಿಯಿಲ್ಲದ ನಾಡಿಗಡಿಯಾರವನ್ನು ಕ್ರೀಡಾಪಟುಗಳ ಕೈಗೆ ಕೊಟ್ಟ ಮೇಲೆ ಸಂಖ್ಯೆಯೇ ಗೆದ್ದಿತೆನ್ನಬೇಕು.

ನಮ್ಮ ನಾಡಿನಲ್ಲಿ ಇದಕ್ಕೆ ಬೇಡಿಕೆ ಹೆಚ್ಚಲು ಭಯವೂ ಒಂದು ಕಾರಣ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರಿಗೆ ಆಗ 46 ವರ್ಷ. ದೇಹವನ್ನು ಅಷ್ಟು ಶ್ರದ್ಧೆಯಿಂದ ಸಾಕಿದವರಿಗೇ ಹೀಗಾದರೆ ನಮ್ಮ ಗತಿಯೇನೆಂಬ ಪ್ರಶ್ನೆ ಮನೆಮನೆಯನ್ನೂ ಹೊಕ್ಕಿತು. ಹೃದ್ರೋಗದ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ವ್ಯಾಯಾಮವೇ ಕಾರಣವೆಂದು ತೀರ್ಪು ಕೊಟ್ಟ ಅವಸರದವರೂ ಇದ್ದರು. ಆ ತೀರ್ಪಿಗೆ ಆಧಾರವಿರಲಿಲ್ಲ; ಭಯಕ್ಕೆ ಮಾತ್ರ ಆಧಾರ ಬೇಕಾಗುವುದಿಲ್ಲ.

ಈಗ ನನಗೂ ಅದೇ ವಯಸ್ಸು. ಕಳೆದ ವರ್ಷ ರಕ್ತದೊತ್ತಡವಿದೆಯೆಂದು ತಿಳಿದು ದಿನಕ್ಕೊಂದು ಗುಳಿಗೆ ನುಂಗತೊಡಗಿದ್ದೆ. ಮಗಳು ಅಕ್ಕರೆಯಿಂದ ಕೈಗೊಂದು ನಾಡಿಗಡಿಯಾರ ಕಟ್ಟಿದಳು. ಅದು ನನ್ನ ವಯಸ್ಸನ್ನು ಕೇಳಿತು, ನಾನು ನುಂಗುವ ಗುಳಿಗೆಯನ್ನು ಕೇಳಲಿಲ್ಲ. ಬಡಿತವನ್ನು 130ಕ್ಕೆ ಏರಿಸಬೇಕೆಂದು ಹೇಳಿತು. ಎಷ್ಟು ಬಿರುಸಾಗಿ ನಡೆದರೂ ಅಂಕೆ 105ರ ಆಚೆ ಹೋಗದು. ನನ್ನ ಪ್ರಯತ್ನವೇ ಸಾಲದೆಂದು ನಾಚಿ ಓಡಿದೆ. ನಾಲ್ಕನೆಯ ಸುತ್ತಿಗೆ ಕಣ್ಣು ಕತ್ತಲಿಟ್ಟು ಬೇವಿನ ಮರದ ಬುಡದಲ್ಲಿ ಕುಸಿದು ಕುಳಿತೆ. ಯಾರೋ ನೀರು ಕೊಟ್ಟರು. ಮುಂದೆ ಮಿರಜಿಗೆ ಹೋದದ್ದಾಯಿತು. ಕಾಗವಾಡ, ಅಥಣಿ, ರಾಯಬಾಗದ ಕಡೆಯವರಿಗೆಲ್ಲ ಅದು ದವಾಖಾನೆಗಳ ಊರಲ್ಲವೆ? ಅಲ್ಲಿಯ ವೈದ್ಯರು ನನ್ನ ಗುಳಿಗೆಯ ಚೀಟಿಯನ್ನು ನೋಡಿ ವಿವರಿಸಿದರು: ಅದು ಬೀಟಾ ಬ್ಲಾಕರ್ ಎಂಬ ವರ್ಗದ್ದು, ಹೃದಯದ ಓಟಕ್ಕೆ ಲಗಾಮು ಹಾಕುವುದೇ ಅದರ ಕೆಲಸ, ಲಗಾಮು ಬಿಗಿಹಿಡಿದು ಕುದುರೆಗೆ ಚಾಟಿ ಹೊಡೆದಂತಾಯಿತು ನಿಮ್ಮ ಓಟ. ಗಡಿಯಾರ ಅಂದು ತೋರಿಸಿದ ಅಂಕೆ ಸುಳ್ಳಾಗಿರಲಿಲ್ಲ. ಆ ಅಂಕೆಗೆ ನಾನು ಮಾಡಿಕೊಂಡ ಅರ್ಥ ತಪ್ಪಾಗಿತ್ತು.

ಆದ್ದರಿಂದ ಯಾವ ನಾಡಿಗಡಿಯಾರವನ್ನು ಕೊಳ್ಳಬೇಕೆಂದು ಕೇಳುವವರಿಗೆ ನಾನು ಮೊದಲು ಅದರ ಜಾತಿಯನ್ನು ತಿಳಿಸುತ್ತೇನೆ. ಮುಖ್ಯವಾಗಿ ಎರಡು ಜಾತಿ. ಒಂದು, ಎದೆಗೆ ಬಿಗಿಯುವ ಪಟ್ಟಿ. ಪ್ರತಿ ಬಡಿತಕ್ಕೂ ಮುಂಚೆ ಹೃದಯದಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಅದು ಚರ್ಮದ ಮೇಲಿಂದಲೇ ಹಿಡಿಯುತ್ತದೆ. ಇನ್ನೊಂದು, ಕೈಗೆ ಕಟ್ಟುವುದು. ಅದು ಚರ್ಮದೊಳಕ್ಕೆ ಹಸಿರು ಬೆಳಕನ್ನು ಬಿಟ್ಟು, ರಕ್ತ ಉಕ್ಕಿದಾಗ ಎಷ್ಟು ಬೆಳಕು ಹೀರಲ್ಪಟ್ಟಿತೆಂಬುದರಿಂದ ಬಡಿತವನ್ನು ಊಹಿಸುತ್ತದೆ. ಹಸ್ತಪ್ರತಿಗಳೊಡನೆ ಕಾಲ ಕಳೆದವನಿಗೆ ಈ ಭೇದ ಬೇಗ ತಿಳಿಯುತ್ತದೆ. ಎದೆಪಟ್ಟಿ ಕವಿಯ ಬಾಯಿಂದ ಕೇಳಿ ಬರೆದ ಪ್ರತಿ; ಕೈಪಟ್ಟಿ ದೂರದ ಊರಿನ ಲಿಪಿಕಾರನ ಪ್ರತಿ. ಲಿಪಿಕಾರನು ಪ್ರಾಮಾಣಿಕನೇ, ಆದರೆ ಅವಸರದಲ್ಲಿ ಪಾಠ ಕೆಡುತ್ತದೆ. ಸಮಗತಿಯ ನಡಿಗೆಯಲ್ಲಿ ಕೈಪಟ್ಟಿಯ ಲೆಕ್ಕ ಬಹುಮಟ್ಟಿಗೆ ಸರಿ. ಥಟ್ಟನೆ ಓಡಿ ಥಟ್ಟನೆ ನಿಂತರೆ ಅದು ಹಿಂದೆ ಬೀಳುತ್ತದೆ. ಭಾರ ಎತ್ತುವಾಗ ಮಣಿಕಟ್ಟಿನ ಸ್ನಾಯು ಬಿಗಿದು ತಪ್ಪೆಣಿಸುತ್ತದೆ. ಕೆಲವೊಮ್ಮೆ ಹೃದಯವನ್ನು ಬಿಟ್ಟು ಓಡುವವನ ಹೆಜ್ಜೆಗಳನ್ನೇ ಎಣಿಸಿಬಿಡುತ್ತದೆ.

ಒಂದು ದಿನ ಕುತೂಹಲಕ್ಕೆಂದು ನನ್ನ ಕೈಪಟ್ಟಿಯನ್ನು ಬಿಚ್ಚಿ ಹಿತ್ತಲಲ್ಲಿದ್ದ ಕಬ್ಬಿನ ಜಲ್ಲೆಯೊಂದಕ್ಕೆ ಕಟ್ಟಿದೆ. ತುಸು ಹೊತ್ತು ಯೋಚಿಸಿದ ಯಂತ್ರ, ಕಬ್ಬಿನ ನಾಡಿ ನಿಮಿಷಕ್ಕೆ 78 ಎಂದು ಸಾರಿತು! ಬೆಳಕು ಮರಳಿ ಬರುವ ಯಾವುದೇ ಮೇಲ್ಮೈಯ ಮೇಲೆ ಇಂಥ ಭ್ರಮೆ ಸಾಧ್ಯ. ಕಾರ್ಖಾನೆಗೆ ಹೋಗಲು ಕಾದಿರುವ ಕಬ್ಬಿಗೆ ಎದೆ ಹೊಡೆದುಕೊಂಡರೆ ಅಚ್ಚರಿಯೇನೆಂದು ಮನೆಯಾಕೆ ನಕ್ಕಳು. ಹಚ್ಚೆಯ ವಿಷಯ ಇದಕ್ಕಿಂತ ಗಂಭೀರವಾದದ್ದು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಮುಂಗೈಯಲ್ಲಿ ದಟ್ಟವಾದ ಹಚ್ಚೆಯಿರುತ್ತದೆ. ಆ ಹಸಿರು ಶಾಯಿ ಯಂತ್ರದ ಹಸಿರು ಬೆಳಕನ್ನು ತಡೆಯುತ್ತದೆ. ಕೈತುಂಬ ಬಳೆಯಿದ್ದರೆ ಪಟ್ಟಿ ಜಾಗದಲ್ಲಿ ನಿಲ್ಲುವುದೂ ಕಷ್ಟ. ತಾಯಿಗೆ ಕಾಣಿಕೆ ಕೊಡಬೇಕೆನ್ನುವ ಮಕ್ಕಳು ಮೊದಲು ಆಕೆಯ ಕೈಯನ್ನು ನೋಡಬೇಕು.

ಇನ್ನು ಅಂಕೆಯ ಅರ್ಥ. 220ರಲ್ಲಿ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತವೆಂಬುದು ಎಲ್ಲ ಯಂತ್ರಗಳೂ ಬಾಯಿಪಾಠ ಮಾಡಿರುವ ಸೂತ್ರ. ನನಗೆ ಅದು 174. ಅದರ ಅರ್ಧದಿಂದ ನೂರಕ್ಕೆ 70ರವರೆಗೆ, ಅಂದರೆ 87ರಿಂದ 122ರವರೆಗೆ, ಮಧ್ಯಮ ಶ್ರಮವೆಂದು ಲೆಕ್ಕ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆಯೆನ್ನುತ್ತದೆ. ಎಪ್ಪತ್ತು ವರ್ಷದವರಿಗೆ ಮೊದಲನೆಯದರಿಂದ 150, ಎರಡನೆಯದರಿಂದ 159 ಬರುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳ ಅಂತರವಿರುವುದು ಸಹಜ. ಸರಾಸರಿಯೆಂಬ ಮನುಷ್ಯ ಯಾವ ಊರಿನಲ್ಲಿಯೂ ವಾಸಿಸುವುದಿಲ್ಲ. ಹೃದಯದ ರಕ್ತನಾಳ ಕಟ್ಟಿದೆಯೊ ಇಲ್ಲವೊ ಎಂಬುದನ್ನಂತೂ ಈ ಅಂಕೆಯಿಂದ ತಿಳಿಯಲಾಗದು.

ನಿಪ್ಪಾಣಿಯ ಕಡೆಯ ತಾಲೀಮೊಂದರಲ್ಲಿ ಹುಡುಗರಿಗೆ ಸಾಮು ಕಲಿಸುವ ವೃದ್ಧ ವಸ್ತಾದರಿಗೆ ನನ್ನ ಕಥೆಯನ್ನು ಹೇಳಿದೆ. ಅವರು ಕೆಮ್ಮಣ್ಣಿನ ಕೈಯನ್ನು ಒರೆಸಿಕೊಳ್ಳುತ್ತ, "ಮಾಸ್ತರ, ಬೈಠಕ್ ಹೊಡಿಯೂ ಹುಡುಗನ್ನ ನಾ ಮಾತಾಡಸ್ತೀನ್ರಿ. ಮಾತ ಬಂದ್ರ ಮುಂದ ನಡಸ್ತೀನಿ. ಮಾತ ನಿಂತ್ರ ಅಂವನ್ನ ನಿಲ್ಲಸ್ತೀನಿ" ಎಂದರು. ನನಗೆ ಆಶ್ಚರ್ಯವಾಯಿತು. ಇಂದಿನ ವ್ಯಾಯಾಮಶಾಸ್ತ್ರವೂ ಇದನ್ನೇ ಹೇಳುತ್ತದೆ: ಮಾತನಾಡಲು ಬಂದು ಹಾಡಲು ಬಾರದಿದ್ದರೆ ಶ್ರಮ ಮಧ್ಯಮ, ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ತೀವ್ರ. ವಸ್ತಾದರು ಅಂಕೆಯಿಲ್ಲದೆ ಕಂಡದ್ದನ್ನು ಶಾಸ್ತ್ರ ಅಂಕೆಯಿಟ್ಟು ಕಂಡಿದೆ.

ಹಾಗೆಂದು ಯಂತ್ರವನ್ನು ಎಸೆಯಿರೆಂದು ನಾನು ಹೇಳುವುದಿಲ್ಲ. ಓಟದ ಸ್ಪರ್ಧೆಗೋ ಕುಸ್ತಿಗೋ ಸಿದ್ಧರಾಗುವ ತರುಣರು ಎದೆಪಟ್ಟಿಯನ್ನೇ ಕೊಳ್ಳಲಿ, ಅದನ್ನು ತುಸು ಒದ್ದೆ ಮಾಡಿ ಕಟ್ಟಲಿ, ಬೆವರನ್ನು ತೊಳೆದಿಡಲಿ. ದಿನದ ನಡಿಗೆಯವರಿಗೆ ಕೈಪಟ್ಟಿ ಸಾಕು. ಯಾವುದನ್ನೇ ಕೊಂಡರೂ ಮೊದಲ ವಾರ ಎರಡು ಬೆರಳಿನಿಂದ ನಾಡಿ ಹಿಡಿದು ಮೂವತ್ತು ಸೆಕೆಂಡು ಎಣಿಸಿ ಇಮ್ಮಡಿಸಿ, ಅದರ ಲೆಕ್ಕದೊಡನೆ ತಾಳೆ ನೋಡಲಿ. ಗುಳಿಗೆ ನುಂಗುವವರು ಅಂಗಡಿಗೆ ಹೋಗುವ ಮೊದಲು ವೈದ್ಯರನ್ನು ಕಂಡು, ತಮಗೆ ಸಲ್ಲುವ ಅಂಕೆ ಯಾವುದೆಂದು ಕೇಳಲಿ. ಎದೆನೋವೋ ತಲೆಸುತ್ತೋ ಬಂದರೆ ಯಂತ್ರ ಏನೇ ಹೇಳಲಿ, ನಿಲ್ಲಲಿ.

ಕನ್ನಡದಲ್ಲಿ ಎದೆಯೆಂದರೆ ಅವಯವವೂ ಹೌದು, ಧೈರ್ಯವೂ ಹೌದು. ಕುಗ್ಗಿದವನನ್ನು ಎದೆಗುಂದಿದನೆನ್ನುತ್ತೇವೆ. ಅಂದು ಮರದ ಬುಡದಲ್ಲಿ ಕುಳಿತಾಗ ನಾನು ಎದೆಗುಂದಿದ್ದೆ. ಆದರೂ ಮಣಿಕಟ್ಟಿನ ಪರದೆ ಎಲ್ಲವೂ ಕ್ಷೇಮವೆಂಬಂತೆ ಬೆಳಗುತ್ತಿತ್ತು. ಈಗಲೂ ಮಗಳ ಕಾಣಿಕೆಯನ್ನು ಕಟ್ಟಿಕೊಂಡೇ ನಡೆಯುತ್ತೇನೆ. ಆ ವಿದ್ಯಾರ್ಥಿ ಮತ್ತೆ ಎದುರಾದರೆ ಎರಡು ನಿಮಿಷ ಜೊತೆಗೆ ನಡೆಯೆಂದು ಕೇಳಬೇಕೆಂದಿದ್ದೇನೆ. ಇಬ್ಬರೂ ಮಾತನಾಡುತ್ತ ನಡೆಯಬಲ್ಲೆವಾದರೆ ಅಂದಿನ ಲೆಕ್ಕ ನನಗೆ ಅಷ್ಟೇ ಸಾಕು.