ಪ್ರಯೋಗಶಾಲೆಯ ಬಾಗಿಲಲ್ಲಿ ಭಾಷೆ

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದಾಗ, ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಮೊದಲ ವರ್ಷ ಪರೀಕ್ಷಾರ್ಥವೆಂಬ ಷರತ್ತಿನ ಮೇಲೆ ಒಳಹೊಕ್ಕು, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ರಾಮನ್ ಅವರ ವಿದ್ವತ್ತನ್ನು ಕೊಂಡಾಡುವವರು ಈ ಪ್ರಸಂಗವನ್ನೂ ನೆನೆಯಬೇಕು.

ಅಲ್ಲಿ ತಡೆದವರು ಕಣ್ಣೆದುರಿಗಿದ್ದರು, ವಾದಿಸಲು ಬಂದಿತು. ಜತ್ತ ತಾಲೂಕಿನ ಸನಮಡಿಯಂಥ ಊರಿನ ಮಕ್ಕಳನ್ನು ತಡೆಯುವವರು ಯಾರೆಂದೇ ತಿಳಿಯದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬಿ.ಎಸ್ಸಿ. ತರಗತಿಯಲ್ಲಿ ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತದ್ದು ಮರಾಠಿಯಲ್ಲಿ ‘ಪ್ರಕಾಶಸಂಶ್ಲೇಷಣ’, ಕಾಲೇಜಿನಲ್ಲಿ ‘ಫೋಟೋಸಿಂಥೆಸಿಸ್’. ಎಲೆ ಮಾಡುವ ಕೆಲಸ ಒಂದೇ. ಹೆಸರು ಹೊಂದಿಸಿಕೊಳ್ಳುವಷ್ಟರಲ್ಲಿ ಪ್ರಶ್ನೆ ಕೇಳುವ ಧೈರ್ಯವೇ ಉಡುಗುತ್ತದೆ. ಬಡವರ ಮನೆಯ ಹೆಣ್ಣುಮಗಳಾದರಂತೂ ಹೇಳುವುದೇ ಬೇಡ. ವಿಜ್ಞಾನ ವಿಭಾಗಗಳಲ್ಲಿ ಎಲ್ಲರಿಗೂ ಪಾಲಿರಬೇಕೆನ್ನುವವರು ಜಾತಿ, ಲಿಂಗಗಳ ಲೆಕ್ಕ ಕೇಳುತ್ತಾರೆ, ಕೇಳಲೇಬೇಕು. ಭಾಷೆಯ ಲೆಕ್ಕ ಕೇಳುವವರು ವಿರಳ.

ಇದು ಕನ್ನಡ ಐಚ್ಛಿಕದವರ ಕೆಲಸವೂ ಹೌದು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಡನೆ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದನ್ನು ಸಾಹಿತ್ಯವೆಂದು ಓದುವ ವಿದ್ಯಾರ್ಥಿಗಳು ತಮ್ಮೂರಿನ ಬಿ.ಎಸ್ಸಿ. ಗೆಳೆಯ ಗೆಳತಿಯರೊಡನೆ ಕುಳಿತು ಕನ್ನಡ, ಮರಾಠಿ, ಇಂಗ್ಲಿಷ್ ಪಾರಿಭಾಷಿಕಗಳ ಕೋಶವೊಂದನ್ನು ಸಿದ್ಧಪಡಿಸಬಲ್ಲರು. ಗಡಿಭಾಗದ ಕಾಲೇಜುಗಳ ಕನ್ನಡ ಮತ್ತು ವಿಜ್ಞಾನ ವಿಭಾಗಗಳು ಮೊದಲ ವರ್ಷದ ಪಠ್ಯಕ್ಕಾದರೂ ಈ ಕೆಲಸವನ್ನು ಇದೇ ವರ್ಷ ಕೈಗೆತ್ತಿಕೊಳ್ಳಬೇಕು.